ಡಿಫೆನ್ಸ್ ದಿನಕ್ಕೇ ಅಪ್ಪ ಅಮ್ಮನನ್ನು ಕರೆಸಿಕೋ

ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಪಿಎಚ್‌ಡಿಗೆ ಈಗಷ್ಟೇ ಸೇರಿದ್ದೇನೆ, ಕೊನೆಗೆ ಮುಗಿಸುವುದು ಹೇಗೆ, ಮುಗಿದ ಮೇಲೆ ಕೆಲಸ ಹುಡುಕಲು ಟೈಮ್ ಕೊಡುತ್ತಾರಾ, ಘಟಿಕೋತ್ಸವಕ್ಕೆ ಬನಶಂಕರಿಯಿಂದ ಅಪ್ಪ ಅಮ್ಮನನ್ನು ಕರೆಸಲು ಯಾವ ತಿಂಗಳು ಒಳ್ಳೆಯದು ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ನಾನೂ ಅಲ್ಲೇ ಓದಿದವಳು, ಹನುಮಂತನಗರದವಳು. ಈಗ ಕಾಸೆಲ್‌ನಲ್ಲಿ ಕೆಲಸ, ಮನೆ, ಮಕ್ಕಳು ಎಲ್ಲ. ನಾನು ಬಂದಿಳಿದ ದಿನ ಸೂಟ್‌ಕೇಸ್ ಇನ್ನೂ ಬಿಚ್ಚಿರಲಿಲ್ಲ, ಅಮ್ಮ ಫೋನಿನಲ್ಲಿ ಕೇಳಿದ್ದು ನಿನ್ನ ಪ್ರಶ್ನೆಯನ್ನೇ. "ಕಾನ್ವೊಕೇಶನ್ ಯಾವಾಗ?"

ಊಟ, ಚಳಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅಕ್ಕಿ, ಬೇಳೆ ಏಷ್ಯನ್ ಅಂಗಡಿಯಲ್ಲಿ ಸಿಗುತ್ತದೆ, ಸಾರಿನ ಪುಡಿ ಮನೆಯಿಂದಲೇ ತರಿಸಿಕೋ, ಶೂ ಮಾತ್ರ ಇಲ್ಲೇ ಕೊಳ್ಳು.

ಕೆಲಸದ ವಿಷಯ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳವರೆಗೆ ಪರ್ಮಿಟ್ ಸಿಗುತ್ತದೆ. ಆದರೆ ನೀನು ಈಗಲೇ ನೋಡಿಕೊಳ್ಳಬೇಕಾದದ್ದು ಬೇರೆ: ನಿನಗೆ ಬರುತ್ತಿರುವುದು ಕಾಂಟ್ರಾಕ್ಟ್ ಸಂಬಳವಾ, ಸ್ಕಾಲರ್‌ಶಿಪ್ಪಾ? ಸಂಬಳವಾದರೆ ಪ್ರತಿ ತಿಂಗಳು ನಿರುದ್ಯೋಗ ವಿಮೆಗೆ ಹಣ ಹೋಗುತ್ತಿರುತ್ತದೆ. ಕೊನೆಯ 30 ತಿಂಗಳಲ್ಲಿ ಕನಿಷ್ಠ 12 ತಿಂಗಳು ಹಾಗೆ ಕಟ್ಟಿದ್ದರೆ, ಕಾಂಟ್ರಾಕ್ಟ್ ಮುಗಿದ ಮೇಲೆ ಕೆಲಸ ಸಿಗುವವರೆಗೆ ಕೆಲವು ತಿಂಗಳು ಭತ್ಯೆ ಕೇಳಬಹುದು. ಕಾಂಟ್ರಾಕ್ಟ್ ಮುಗಿಯುವ 3 ತಿಂಗಳು ಮೊದಲೇ ಇಲ್ಲಿನ ಸರ್ಕಾರಿ ಉದ್ಯೋಗ ಕಚೇರಿ, ಆಗೆಂಟೂರ್ ಫ್ಯೂರ್ ಆರ್ಬೈಟ್‌ನಲ್ಲಿ ಹೆಸರು ಬರೆಸಬೇಕು, ತಡವಾದರೆ ಒಂದು ವಾರದ ಹಣ ಹಿಡಿಯುತ್ತಾರೆ. ನಮ್ಮ ಕಡೆಯ ಹುಡುಗರು ನಾಚಿಕೆ ಪಟ್ಟುಕೊಂಡು ಹೋಗುವುದೇ ಇಲ್ಲ. ಅದು ಭಿಕ್ಷೆಯಲ್ಲ, ನೀನೇ ಕಟ್ಟಿದ ದುಡ್ಡು. ಸ್ಕಾಲರ್‌ಶಿಪ್ ಆದರೆ ಇದ್ಯಾವುದೂ ಇಲ್ಲ, ಹಾಗಾಗಿ ಕೈಯಲ್ಲಿ ಸ್ವಲ್ಪ ಉಳಿಸಿಕೊಂಡಿರು.

ಈಗ ಘಟಿಕೋತ್ಸವ. ನಮ್ಮ ಮನೆಗಳಲ್ಲಿ ಪಿಎಚ್‌ಡಿ ಅಂದರೆ ವೇದಿಕೆ, ಗೌನು, ರಾಜ್ಯಪಾಲರು, ಮರುದಿನ ಪೇಪರ್‌ನಲ್ಲಿ ಫೋಟೋ, ಅಲ್ವಾ? ಇಲ್ಲಿ ಅದಕ್ಕಾಗಿ ಕಾಯಬೇಡ. ಕೆಲವು ವಿಭಾಗಗಳು ವರ್ಷಕ್ಕೊಂದೆರಡು ಸಲ ಸಮಾರಂಭ ಮಾಡುತ್ತವೆ, ಕೆಲವು ಮಾಡುವುದೇ ಇಲ್ಲ. ಥೀಸಿಸ್ ಕೊಡುತ್ತೀಯ, ಅದನ್ನು ಓದಿ ಗ್ರೇಡ್ ಕೊಡುವವರಲ್ಲಿ ನಿನ್ನ ಗೈಡ್ ಕೂಡ ಒಬ್ಬರು. ಆಮೇಲೆ ಡಿಫೆನ್ಸ್, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆ. ಮಾತು, ಪ್ರಶ್ನೆ ಎಲ್ಲ ಮುಗಿದ ಮೇಲೆ ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿಕೊಂಡು ಮಾತಾಡುತ್ತಾರೆ, ಮತ್ತೆ ಕರೆದು ಅಲ್ಲೇ ಫಲಿತಾಂಶ ಹೇಳುತ್ತಾರೆ. ಅಷ್ಟಕ್ಕೇ ನೀನು ಡಾಕ್ಟರ್ ಆಗುವುದಿಲ್ಲ. ಥೀಸಿಸ್ ಪ್ರಕಟ ಮಾಡಲೇಬೇಕು, ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಆನ್‌ಲೈನ್ ಹಾಕಿದರೂ ನಡೆಯುತ್ತದೆ, ಗಡುವಿರುತ್ತದೆ. ಅದಾದ ಮೇಲೆ ಪದವಿ ಪತ್ರ ಕೈಗೆ ಬರುತ್ತದೆ. ಅಲ್ಲಿಯವರೆಗೆ ಹೆಸರಿನ ಮುಂದೆ ಡಾ. ಹಾಕಿಕೊಳ್ಳುವುದು ಇಲ್ಲಿನ ಕಾನೂನಿನಲ್ಲಿ ಅಪರಾಧ. ಊರಿನಲ್ಲಿ ಡಿಫೆನ್ಸ್ ಸುದ್ದಿ ಕೇಳಿದ ಮರುದಿನವೇ ಮದುವೆ ಕಾರ್ಡಿನಲ್ಲಿ ಹಾಕಿಸುತ್ತಾರೆ, ಮೊದಲೇ ಹೇಳಿಡು.

ಹಾಗಾದರೆ ಸಂಭ್ರಮ ಯಾವಾಗ? ಡಿಫೆನ್ಸ್ ದಿನವೇ. ಲ್ಯಾಬಿನವರು ಕೈಯಾರೆ ಟೋಪಿ ಮಾಡಿರುತ್ತಾರೆ, ಮೇಲೆಲ್ಲ ನಿನ್ನ ಕೆಲಸದ, ನಿನ್ನ ಊರಿನ ಗುರುತುಗಳು. ನನ್ನದರ ಮೇಲೆ ಹಸಿರು ಹಳದಿ ಆಟೋ ಅಂಟಿಸಿದ್ದರು. ತಿಂಡಿ ಮಾತ್ರ ನೀನೇ ತರಬೇಕು. ಚಿತ್ರಾನ್ನ, ಕೋಸಂಬರಿ ಮಾಡಿದ್ದೆ, ಒಂದು ಅಗುಳೂ ಉಳಿಯಲಿಲ್ಲ. ಆಮೇಲೆ ಅಲಂಕಾರ ಮಾಡಿದ ಗಾಡಿಯಲ್ಲಿ ಕೂರಿಸಿಕೊಂಡು ಹಳೆಯ ಟೌನ್‌ಹಾಲ್ ಮುಂದಿನ ಕಾರಂಜಿಗೆ ಎಳೆದುಕೊಂಡು ಹೋಗುತ್ತಾರೆ. ಹೆಬ್ಬಾತುಗಳ ಜತೆ ನಿಂತ ಆ ಹುಡುಗಿಯ ಬೊಂಬೆ, ಗೆನ್ಸೆಲೀಸೆಲ್, 1901ರಿಂದ ಅಲ್ಲಿದೆ. ಈಗಿರುವುದು ಪ್ರತಿ, ಮೂಲ ಮ್ಯೂಸಿಯಂನಲ್ಲಿದೆ. ಕಾರಂಜಿ ಹತ್ತಿ ಅವಳಿಗೆ ಹೂ ಕೊಟ್ಟು ಮುತ್ತಿಡಬೇಕು. ಹಿಂದೆ 1926ರಲ್ಲಿ ನಗರದ ಆಡಳಿತದವರು ಇದನ್ನು ನಿಷೇಧಿಸಿದ್ದರು, ಆದರೂ ನಿಲ್ಲಲಿಲ್ಲ. ದಾರಿಯಲ್ಲಿ ಹೋಗುವ ಗುರುತಿಲ್ಲದ ಜನ ಕೂಡ ನಿಂತು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಅಲ್ಲಿ ನಿಂತಿದ್ದಳು ಅನ್ನುವ ಹೆಮ್ಮೆ ನನಗೆ ಇವತ್ತಿಗೂ ಇದೆ.

ಅದನ್ನು ಅಮ್ಮ ನೋಡಲಿಲ್ಲ. ಎಲ್ಲ ಪ್ರೊಫೆಸರ್‌ಗಳಿಗೂ ಬಿಡುವಿರುವ ದಿನ ಸಿಕ್ಕಿದ್ದೇ ಕೊನೆಯಲ್ಲಿ, ಅಷ್ಟು ಬೇಗ ವೀಸಾ ಅಪಾಯಿಂಟ್‌ಮೆಂಟ್ ಸಿಗಲಿಲ್ಲ. "ಇರಲಿ ಬಿಡು, ಘಟಿಕೋತ್ಸವಕ್ಕೆ ಬರ್ತೀನಿ" ಅಂದರು. ಅದಕ್ಕೆ ಅಂತ ಮೈಸೂರು ಸಿಲ್ಕ್ ಸೀರೆ ಕೂಡ ತೆಗೆದಿಟ್ಟಿದ್ದರು. ನಮ್ಮ ವಿಭಾಗದಲ್ಲಿ ಆ ವರ್ಷ ಸಮಾರಂಭವೇ ಇರಲಿಲ್ಲ. ಪತ್ರವನ್ನು ಒಂದು ಮಧ್ಯಾಹ್ನ ಆಫೀಸಿಗೆ ಹೋಗಿ ಸಹಿ ಹಾಕಿ ತಗೊಂಡು ಬಂದೆ. ಅಲ್ಲಿದ್ದವರು ಕೈಕುಲುಕಿ ಶುಭಾಶಯ ಹೇಳಿದರು, ಅಷ್ಟೇ. ಮುಂದೆ ಅಮ್ಮನ ಮಂಡಿ ಕೈಕೊಟ್ಟಿತು, ಈಗ ಅಷ್ಟು ಹೊತ್ತು ವಿಮಾನದಲ್ಲಿ ಕೂರಲು ಆಗುವುದಿಲ್ಲ. ಟೋಪಿ ಹನುಮಂತನಗರದ ಶೋಕೇಸಿನಲ್ಲಿ ಚನ್ನಪಟ್ಟಣದ ಬೊಂಬೆಗಳ ಪಕ್ಕ ಇದೆ, ಬಂದವರಿಗೆಲ್ಲ ತೋರಿಸುತ್ತಾರೆ. ವಿಡಿಯೋ ಎಷ್ಟೋ ಸಲ ನೋಡಿದ್ದಾರೆ. ಆದರೂ ನೋಡಿ ಮುಗಿದ ಮೇಲೆ "ನಾನು ಅಲ್ಲಿರಬೇಕಿತ್ತು ಕಣೇ" ಅನ್ನುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಅದಕ್ಕೇ ನಿನಗೆ ಇಷ್ಟು ಒತ್ತಿ ಹೇಳುತ್ತಿರುವುದು. ಥೀಸಿಸ್ ಸಲ್ಲಿಸುವ ಹೊತ್ತಿಗೇ ಮನೆಯಲ್ಲಿ ವೀಸಾ ಕೆಲಸ ಶುರು ಮಾಡಿಸು, ದಿನಾಂಕ ಖಚಿತವಾಗಲಿ ಅಂತ ಕಾಯಬೇಡ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದಲೇ ಷೆಂಗೆನ್ ವೀಸಾಗೆ ಅರ್ಜಿ ಹಾಕಬಹುದು, 90 ದಿನದವರೆಗೆ ಇರಬಹುದು. ಹಾಗಾಗಿ ಅಂದಾಜು ದಿನದ ಹಿಂದೆ ಮುಂದೆ ಧಾರಾಳವಾಗಿ ಸಮಯ ಇಟ್ಟು ಕೇಳಿ. 30,000 ಯೂರೋ ಕವರ್ ಇರುವ ಪ್ರಯಾಣ ವಿಮೆ ಕಡ್ಡಾಯ. ಅವರ ಖರ್ಚು ನಾನು ನೋಡಿಕೊಳ್ಳುತ್ತೇನೆ ಅಂತ ನೀನು ಇಲ್ಲಿನ ವಿದೇಶಿಯರ ಕಚೇರಿಯಲ್ಲಿ ಪತ್ರ ಮಾಡಿಸಬಹುದು, ಆದರೆ ಪಿಎಚ್‌ಡಿಯವರ ಅರ್ಧ ಸಂಬಳದಲ್ಲಿ ಇಬ್ಬರಿಗೆ ಅದು ಸಾಲದೆ ಹೋಗಬಹುದು. ಆಗ ಅಪ್ಪನ ಪಿಂಚಣಿ, ಬ್ಯಾಂಕ್ ಕಾಗದಗಳನ್ನೇ ತೋರಿಸಲಿ. ಡಿಫೆನ್ಸ್‌ಗೆ ಮನೆಯವರನ್ನು ಒಳಗೆ ಬಿಡುತ್ತಾರಾ ಅಂತ ನಿನ್ನ ವಿಭಾಗದಲ್ಲಿ ಈಗಲೇ ಕೇಳಿಕೋ. ಬಿಡದಿದ್ದರೂ ಪರವಾಗಿಲ್ಲ, ಗಾಡಿ ಹಿಂದೆ ನಡೆದು ಬರಲಿ.

ಅವರು ಬಂದಾಗ ಹೋಟೆಲ್ ಬುಕ್ ಮಾಡಬೇಡ. ಕಾಸೆಲ್‌ನಿಂದ ಐಸಿಇ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ, ನಮ್ಮ ಮನೆಯಲ್ಲಿ ಕೋಣೆ ಇದೆ, ಮಾರನೇ ದಿನದ ಚಿತ್ರಾನ್ನಕ್ಕೆ ನಿನ್ನ ಅಮ್ಮನೂ ನಾನೂ ಸೇರಿ ಹಿಂದಿನ ರಾತ್ರಿಯೇ ನಿಂಬೆಹಣ್ಣು ಹಿಂಡಿಡುತ್ತೇವೆ.