ಒಂದರ ಮೇಲೊಂದು ಶಿಕ್ಷೆ: ನಿಮ್ಮ ತಮ್ಮನ 8 ವರ್ಷ ಮಿತಿ ಮೀರಿದೆ

ವಂಚನೆ, ಫೋರ್ಜರಿ, ಖೋಟಾ ದಾಖಲೆ ಬಳಕೆಗಾಗಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಒಂದೇ ವಿಚಾರಣೆಯಲ್ಲಿ ನಿಮ್ಮ ತಮ್ಮನಿಗೆ 3, 3 ಮತ್ತು 2 ವರ್ಷ ವಿಧಿಸಿ, ಒಂದು ಮುಗಿದ ಮೇಲೆ ಇನ್ನೊಂದನ್ನು ಅನುಭವಿಸಬೇಕೆಂದು ಆದೇಶಿಸಿದ್ದಾರೆ, ಇದು ಸರಿಯೇ ಎಂದು ಕೇಳಿದ್ದೀರಿ. ಸರಿಯಲ್ಲ, ಸರ್.

ಆ ನ್ಯಾಯಾಲಯ ಒಂದು ಅಪರಾಧಕ್ಕೆ ಗರಿಷ್ಠ 3 ವರ್ಷ ಸಜೆ ಕೊಡಬಹುದು. ಸರಣಿ ಶಿಕ್ಷೆಗಳ ಮೊತ್ತ ಅದರ ಎರಡರಷ್ಟನ್ನು, ಅಂದರೆ 6 ವರ್ಷವನ್ನು, ದಾಟುವಂತಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 31ನೇ ಕಲಂ ಹೀಗೇ ಹೇಳುತ್ತಿತ್ತು. ಅದರ ಬದಲಿಗೆ ಬಂದಿರುವ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 25ನೇ ಕಲಂ ಕೂಡ ಅದನ್ನೇ ಹೇಳುತ್ತದೆ.

ಆದರೆ 6ಕ್ಕೆ ಇಳಿಸಿದರೆ ಸಾಕೆಂದು ಸುಮ್ಮನಾಗಬೇಡಿ. ಮೂರೂ ಆರೋಪಗಳು ಒಂದೇ ಕ್ರಯಪತ್ರದ ಸುತ್ತ ಹುಟ್ಟಿದವು ಎನ್ನುತ್ತೀರಿ. ಒಂದೇ ವ್ಯವಹಾರದ ಕೃತ್ಯಗಳಾದ್ದರಿಂದ ಶಿಕ್ಷೆಗಳು ಏಕಕಾಲದಲ್ಲಿ ಸಾಗಲಿ ಎಂದು ಮೇಲ್ಮನವಿಯಲ್ಲಿ ಪ್ರತ್ಯೇಕ ಆಧಾರವಾಗಿಯೇ ಬರೆಸಿ. ಇದು ಹಕ್ಕಲ್ಲ, ನ್ಯಾಯಾಲಯದ ವಿವೇಚನೆ. 2014ರಲ್ಲಿ ಸುಪ್ರೀಂ ಕೋರ್ಟ್ ಓ.ಎಂ. ಚೆರಿಯನ್ ಪ್ರಕರಣದಲ್ಲಿ ಅದನ್ನು ಸ್ಪಷ್ಟಪಡಿಸಿದೆ. ಒಪ್ಪಿದರೆ ಒಟ್ಟು 3 ವರ್ಷವಷ್ಟೇ. ದಂಡ ಕಟ್ಟದಿದ್ದರೆ ಅನುಭವಿಸುವ ಸಜೆ ಮಾತ್ರ ಇದರಲ್ಲಿ ಕರಗುವುದಿಲ್ಲ, ಆ ಹಣ ಹೊಂದಿಸಿಡಿ.

ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು 30 ದಿನಗಳ ಗಡುವು. ತೀರ್ಪಿನ ಪ್ರಮಾಣಿತ ಪ್ರತಿ ಪಡೆಯಲು ಬೇಕಾದ ದಿನಗಳನ್ನು ಈ 30ರ ಲೆಕ್ಕಕ್ಕೆ ಸೇರಿಸುವುದಿಲ್ಲ. ಪ್ರತಿ ಉಚಿತ. ವಕೀಲರನ್ನು ಇಡುವ ಶಕ್ತಿಯಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ನಿಮ್ಮ ತಮ್ಮ ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಸಲ್ಲಿಸಬಹುದು. ಜೊತೆಗೇ ಶಿಕ್ಷೆ ಅಮಾನತಿನ ಅರ್ಜಿಯನ್ನೂ ಹಾಕಿಸಿ, ಇಲ್ಲವಾದರೆ ಮೇಲ್ಮನವಿ ವಿಚಾರಣೆಗೆ ಬರುವಷ್ಟರಲ್ಲಿ ಅರ್ಧ ಶಿಕ್ಷೆ ಕಳೆದುಹೋಗಬಹುದು.