ಬೋರ್ಡ್ ಬದಲಿಸುವ ಮುನ್ನ

ಪ್ರಶ್ನೆ: ಹನ್ನೊಂದು ವರ್ಷಗಳ ಹಿಂದೆ ತಮ್ಮನ ಜೊತೆ ಸೇರಿ 'ಸಹೋದರರ ಝೆರಾಕ್ಸ್' ಎಂಬ ಅಂಗಡಿ ತೆರೆದೆ. ತಮ್ಮ ಬೇರೆ ಕೆಲಸ ಹಿಡಿದು ಹೋದ. ಈಗ ನನ್ನ ಸಂಪಾದನೆಯ ಹೆಚ್ಚಿನ ಪಾಲು ಪುಸ್ತಕಗಳ ಪುಟವಿನ್ಯಾಸ ಮತ್ತು ಬೈಂಡಿಂಗ್‌ನಿಂದ ಬರುತ್ತದೆ. ಸಲಹೆಗಾರರೊಬ್ಬರು ಅರ್ಥವೇ ಇಲ್ಲದ ಹೊಸ ಪದವೊಂದನ್ನು ಕಟ್ಟಿ, ಲೋಗೊ ಸಮೇತ ಕೊಟ್ಟಿದ್ದಾರೆ. ಬ್ರ್ಯಾಂಡ್ ಆಗಬೇಕಾದರೆ ಇದು ಬೇಕೇಬೇಕಂತೆ. ಹಳೆಯ ಗಿರಾಕಿಗಳು ಕೈತಪ್ಪುತ್ತಾರೆಂಬ ಅಂಜಿಕೆ ನನಗೆ. ಬದಲಿಸಲೇ?
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಬದಲಿಸಿ. ಆದರೆ ಸಲಹೆಗಾರರು ಹೇಳಿದ ಕಾರಣಕ್ಕಲ್ಲ. ನಿಮ್ಮ ಬೋರ್ಡ್ ಎರಡು ಸುಳ್ಳು ಹೇಳುತ್ತಿದೆ: ಅಲ್ಲಿ ಸಹೋದರರಿಲ್ಲ, ಝೆರಾಕ್ಸ್ ಮುಖ್ಯ ಕೆಲಸವೂ ಅಲ್ಲ. ಹಸ್ತಪ್ರತಿ ಹಿಡಿದು ಬಂದ ಲೇಖಕ ಅದನ್ನು ಓದಿ ಮುಂದಕ್ಕೆ ಹೋಗಿಬಿಡುತ್ತಾನೆ. ಮೇಲಾಗಿ ಆ ಎರಡನೆಯ ಪದ ನಿಮ್ಮದಲ್ಲ. ಅದು ಇನ್ನೊಂದು ಕಂಪನಿಯ ಟ್ರೇಡ್‌ಮಾರ್ಕ್.

ಆ ಕಂಪನಿಯ ಕಥೆಯೇ ನಿಮಗೆ ಪಾಠ. 1906ರಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಹುಟ್ಟಿದಾಗ ಅದರ ಹೆಸರು ಹ್ಯಾಲಾಯ್ಡ್. ಮಾಡುತ್ತಿದ್ದುದು ಫೋಟೊ ಕಾಗದ. ಒಣ ಪುಡಿಯಿಂದ ನಕಲು ತೆಗೆಯುವ ವಿಧಾನ ಕೈಗೆ ಬಂದ ಮೇಲೆ, ಗ್ರೀಕಿನಲ್ಲಿ 'ಒಣ' ಎಂಬರ್ಥದ ಪದದಿಂದ ಹೊಸ ಹೆಸರು ಹುಟ್ಟಿತು. 1958ರಲ್ಲಿ 'ಹ್ಯಾಲಾಯ್ಡ್ ಝೆರಾಕ್ಸ್' ಎಂದಾಯಿತು. ಮರುವರ್ಷ ಅವರ 914 ಯಂತ್ರ ಬಂದು ಗೆದ್ದಿತು. ಹ್ಯಾಲಾಯ್ಡ್ ಉದುರಿದ್ದು 1961ರಲ್ಲಿ. ಮೂರು ವರ್ಷ ಹಳೆಯದೂ ಹೊಸದೂ ಒಂದೇ ಬೋರ್ಡಿನಲ್ಲಿ ಬಾಳಿದವು, ನೋಡಿ.

ಅರ್ಥವಿಲ್ಲದ ಪದದ ಬಗ್ಗೆ: ಬ್ರಿಟನ್ನಿನ ಅಂಚೆ ಸಂಸ್ಥೆ 2001ರಲ್ಲಿ ತನ್ನನ್ನು 'ಕನ್‌ಸಿಗ್ನಿಯಾ' ಎಂದು ಕರೆದುಕೊಂಡಿತು. ಜನ ನಕ್ಕರು. ಮರುವರ್ಷವೇ ಅದನ್ನು ಕೈಬಿಟ್ಟು 'ರಾಯಲ್ ಮೇಲ್' ಹೆಸರಿಗೆ ಬಂತು. ಅಷ್ಟು ದೊಡ್ಡ ಸಂಸ್ಥೆ ಆ ಖರ್ಚನ್ನು ತಡೆದುಕೊಂಡೀತು, ನೀವು ತಡೆದುಕೊಳ್ಳಲಾರಿರಿ.

ಹೆಸರು ಇಡುವುದು ಬೇರೆ, ಹೆಸರು ಮಾಡುವುದು ಬೇರೆ. ಸಲಹೆಗಾರರು ಮೊದಲನೆಯದನ್ನು ಮಾರುತ್ತಿದ್ದಾರೆ. ಎರಡನೆಯದನ್ನು ನೀವು ಹನ್ನೊಂದು ವರ್ಷದಲ್ಲಿ ಈಗಾಗಲೇ ಮಾಡಿದ್ದೀರಿ. ಗಿರಾಕಿಗಳು ಫೋನಿನಲ್ಲಿ ನಿಮ್ಮ ಅಂಗಡಿಯನ್ನು ಏನೆಂದು ಕರೆಯುತ್ತಾರೆ? ಒಂದು ವಾರ ಕಿವಿಗೊಟ್ಟು ಬರೆದುಕೊಳ್ಳಿ. 'ಬೈಂಡಿಂಗ್‌ನವರು' ಎಂದು ಹತ್ತು ಜನ ಅಂದರೆ ಹೊಸ ಹೆಸರಿನಲ್ಲಿ ಆ ಪದ ಇರಲಿ. ಬರಿಯ 'ಬೈಂಡಿಂಗ್' ಎಂದರೆ ಯಾರದ್ದೂ ಆಗಬಹುದು, ಹಾಗಾಗಿ ಅದರ ಜೊತೆಗೆ ನಿಮ್ಮದೇ ಆದ ಒಂದು ಪದ ಸೇರಿಸಿ. ಅದು ಬೇರೆಯವರ ಹೆಸರಿನಲ್ಲಿ ನೋಂದಣಿಯಾಗಿದೆಯೇ ಎಂದೂ ನೋಡಿಕೊಳ್ಳಿ.

ಈ ಅಂಕಣಕ್ಕೆ ಬರುವ ಮೊದಲು ನಾನು ಬೋರ್ಡ್ ಬರೆಯುತ್ತಿದ್ದವನು. ನನ್ನ ಸ್ವಂತ ಅಂಗಡಿಯ ಹೆಸರು ಬದಲಿಸಿದಾಗ ಬಣ್ಣ, ಅಕ್ಷರ, ಅಂಚು ಎಲ್ಲಕ್ಕೂ ತಲೆ ಕೆಡಿಸಿಕೊಂಡೆ, ಬ್ಯಾಂಕ್ ಖಾತೆಯನ್ನು ಮರೆತೆ. ಹೊಸ ಹೆಸರಿಗೆ ಬರೆದ ಮೊದಲ ಚೆಕ್ಕೇ ವಾಪಸಾಯಿತು. ಆದ್ದರಿಂದ ಮೊದಲು ಖಾತೆ, ಪರವಾನಗಿ, ರಸೀದಿ ಪುಸ್ತಕ, ಆಮೇಲೆ ಲೋಗೊ. ಫೋನ್ ನಂಬರನ್ನು ಮಾತ್ರ ಮುಟ್ಟಬೇಡಿ. ಒಂದೆರಡು ವರ್ಷ ಹೊಸ ಹೆಸರಿನ ಕೆಳಗೆ ಹಳೆಯದನ್ನೂ ಸಣ್ಣ ಅಕ್ಷರದಲ್ಲಿ ಬರೆಸಿ.

ಇವೆಲ್ಲಕ್ಕೂ ಮುಂಚೆ ತಮ್ಮನಿಗೊಂದು ಫೋನ್ ಮಾಡಿ. ಅಂಗಡಿಯ ಕಾಗದಪತ್ರಗಳಲ್ಲಿ ಅವರ ಸಹಿ ಇನ್ನೂ ಇರಬಹುದು.