ಸ್ಕೂಟರ್ ಓಡಿಸಿದ್ದಕ್ಕೆ ಗರ್ಭ ನಿಲ್ಲಲಿಲ್ಲವೇ?

(ಹಾಸನ ಜಿಲ್ಲೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೋರಿ ಬರೆದ ಪತ್ರದ ಸಾರ: ವಯಸ್ಸು 37. ಕಳೆದ ವರ್ಷ ಮಾಡಿಸಿದ ಐವಿಎಫ್, ಅಂದರೆ ಲ್ಯಾಬಿನಲ್ಲಿ ಅಂಡಾಣು, ವೀರ್ಯಾಣು ಸೇರಿಸುವ ಚಿಕಿತ್ಸೆ, ಫಲಿಸಲಿಲ್ಲ. ಹಾಗೆ ಬೆಳೆಸಿದ ಎಂಬ್ರಿಯೊ, ಅಂದರೆ ಭ್ರೂಣವನ್ನು, ಗರ್ಭಕೋಶಕ್ಕೆ ಹಾಕಿಸಿಕೊಂಡ ಮೂರನೇ ದಿನಕ್ಕೇ ಸ್ಕೂಟರ್‌ನಲ್ಲಿ ಶಾಲೆಗೆ ಹೋದದ್ದೇ ತಪ್ಪಾಯಿತು ಎನ್ನುತ್ತಾರೆ ಅತ್ತೆ. ಎರಡು ಎಂಬ್ರಿಯೊಗಳನ್ನು ಫ್ರೀಜ್ ಮಾಡಿ ಇಟ್ಟಿದ್ದಾರೆ. ಪತಿ ‘ಶೇ. 80 ಯಶಸ್ಸು’ ಎಂಬ ಜಾಹೀರಾತು ನೋಡಿ ಬೇರೆ ಆಸ್ಪತ್ರೆಯಲ್ಲಿ ಹೊಸದಾಗಿ ಶುರುಮಾಡೋಣ ಎನ್ನುತ್ತಿದ್ದಾರೆ. ಏನು ಮಾಡಲಿ?)

ಪ್ರಿಯ ಸೋದರಿ,

ಸ್ಕೂಟರ್ ಕಾರಣವಲ್ಲ. ಇದನ್ನು ಅತ್ತೆಯವರಿಗೂ ಓದಿ ಹೇಳಿ. ಎಂಬ್ರಿಯೊ ಹಾಕಿದ ಮೇಲೆ ಹಾಸಿಗೆ ಹಿಡಿದು ಮಲಗಿದವರನ್ನೂ ಎಂದಿನಂತೆ ಓಡಾಡಿಕೊಂಡಿದ್ದವರನ್ನೂ ಹೋಲಿಸಿ ನೋಡಿದ್ದಾರೆ. ಮಲಗಿದವರಿಗೆ ಲಾಭವಾದದ್ದು ಕಂಡಿಲ್ಲ. ‘ಚಿಂತೆ ಮಾಡಿದ್ದಕ್ಕೇ ನಿಲ್ಲಲಿಲ್ಲ’ ಎನ್ನುವವರೂ ಸಿಗುತ್ತಾರೆ. ಮೂರೂವರೆ ಸಾವಿರಕ್ಕೂ ಹೆಚ್ಚು ಮಹಿಳೆಯರ 14 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಚಿಕಿತ್ಸೆಗೆ ಮುಂಚಿನ ಆತಂಕದಿಂದ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗುವುದಿಲ್ಲ ಎಂಬುದೇ ಅದರ ತೀರ್ಮಾನ. ನೊಂದ ಹೆಣ್ಣಿನ ಮೇಲೇ ತಪ್ಪು ಹೊರಿಸುವ ಈ ಮಾತು ನಮ್ಮ ಮನೆಗಳಲ್ಲಿ ನಿಲ್ಲಬೇಕು.

ಹಾಗಾದರೆ ಯಾಕೆ ನಿಲ್ಲುವುದಿಲ್ಲ? ಬಹಳ ಸಲ ಎಂಬ್ರಿಯೊದ ಒಳಗೇ ಕಾರಣವಿರುತ್ತದೆ. ಹೆಣ್ಣಿನ ಅಂಡಾಣುಗಳು ಆಕೆ ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಆಕೆಗೆ ವಯಸ್ಸಾದಂತೆ ಅವುಗಳಿಗೂ ಆಗುತ್ತದೆ, ವಂಶವಾಹಿಗಳನ್ನು ಹೊತ್ತ ಕ್ರೋಮೋಸೋಮ್‌ಗಳ ಲೆಕ್ಕ ತಪ್ಪುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಚೆನ್ನಾಗಿ ಕಂಡ ಎಂಬ್ರಿಯೊ ಕೂಡ ಹೀಗಾಗಿ ಬೆಳೆಯದೆ ಹೋಗಬಹುದು. ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಯ ರಿಪೋರ್ಟ್ ಅಂಡಾಣುಗಳು ಎಷ್ಟಿರಬಹುದು ಎನ್ನುತ್ತದೆಯೇ ಹೊರತು ಗುಣಮಟ್ಟ ಹೇಳುವುದಿಲ್ಲ.

ಇನ್ನು ಆ ಶೇ. 80. ಯಾವ ವಯಸ್ಸಿನವರಲ್ಲಿ, ಎಷ್ಟು ಸಲ ಮಾಡಿದ ಮೇಲೆ? ರಕ್ತಪರೀಕ್ಷೆ ಪಾಸಿಟಿವ್ ಬಂದದ್ದನ್ನು ಎಣಿಸಿದ್ದಾರೋ, ಮಗು ಹುಟ್ಟಿದ್ದನ್ನೋ? ದಾನಿಯ ಅಂಡಾಣು ಬಳಸಿದವರೂ ಸೇರಿದ್ದಾರೆಯೇ? ಬ್ರಿಟನ್ನಿನಲ್ಲಿ ನಿಯಂತ್ರಣ ಸಂಸ್ಥೆಯೇ ಲೆಕ್ಕ ಪ್ರಕಟಿಸುತ್ತದೆ. ಸ್ವಂತ ಅಂಡಾಣುವಿನ ಎಂಬ್ರಿಯೊಗಳನ್ನು ಹಾಕಿದಾಗ, 35ರೊಳಗಿನವರಲ್ಲೇ ಸುಮಾರು ಮೂರರಲ್ಲಿ ಒಂದರಿಂದ ಮಗು ಹುಟ್ಟುತ್ತದೆ. 43 ದಾಟಿದವರಲ್ಲಿ ಇಪ್ಪತ್ತರಲ್ಲಿ ಒಂದರ ಆಸುಪಾಸು. ನಮ್ಮಲ್ಲಿ ಐವಿಎಫ್‌ನಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಕ್ಲಿನಿಕ್ ನೋಂದಣಿ ಕಡ್ಡಾಯ. ಅದನ್ನಾದರೂ ಕೇಳಿ ನೋಡಿಕೊಳ್ಳಿ.

ಜಾಹೀರಾತು ನಂಬಿ ಹೊಸದಾಗಿ ಹಣ ಕಟ್ಟುವ ಮುನ್ನ, ಉಳಿದಿರುವ ಎರಡು ಎಂಬ್ರಿಯೊಗಳ ಬಗ್ಗೆ ನಿಮ್ಮ ಡಾಕ್ಟರ ಜೊತೆ ಮಾತಾಡಿ. ಅವುಗಳಿಗೆ ಫ್ರೀಜ್ ಮಾಡಿದ ದಿನದ ವಯಸ್ಸೇ ಉಳಿದಿರುತ್ತದೆ. ಗರ್ಭನಾಳದಲ್ಲಿ ನೀರು ತುಂಬಿದೆಯೇ ಎಂದೂ ವಿಚಾರಿಸಿ. ಹಿಂದೆಂದೋ ಬಂದ ಸೋಂಕಿನಿಂದ, ನಮ್ಮ ದೇಶದಲ್ಲಿ ಕ್ಷಯದಿಂದಲೂ, ಹಾಗಾಗುವುದುಂಟು. ಆ ನೀರು ಗರ್ಭಕೋಶಕ್ಕೆ ಇಳಿದರೆ ಐವಿಎಫ್ ಫಲಿಸುವ ಸಾಧ್ಯತೆ ಬಹಳ ತಗ್ಗುತ್ತದೆ. ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿಕೊಂಡರೆ ಸುಧಾರಿಸುತ್ತದೆ. ಥೈರಾಯ್ಡ್, ಸಕ್ಕರೆ ಹತೋಟಿಯಲ್ಲಿರಲಿ.

ನಿಮ್ಮ ಪತ್ರದಲ್ಲಿ ಪತಿಯ ಆರೋಗ್ಯದ ಬಗ್ಗೆ ಒಂದು ಸಾಲೂ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಸಮಸ್ಯೆಯೂ ಸೇರಿರುತ್ತದೆ. ಬೀಡಿ, ಸಿಗರೇಟು, ಗುಟ್ಕಾ, ಕುಡಿತ ಇದ್ದರೆ ಅವರು ಇಂದೇ ಬಿಡಲಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಗುಣ ಕಾಣಲು ಮೂರು ತಿಂಗಳಾದರೂ ಬೇಕು. ಫ್ರೀಜ್ ಆಗಿರುವ ಎಂಬ್ರಿಯೊಗಳಿಗೆ ಇದರಿಂದ ಪ್ರಯೋಜನವಿಲ್ಲ ನಿಜ, ಆದರೆ ಅವು ಫಲಿಸದೆ ಮತ್ತೆ ಅಂಡಾಣು ತೆಗೆಯಬೇಕಾಗಿ ಬಂದರೆ ಆಗ 37ರ ನೀವು ಅವರಿಗಾಗಿ ಕಾಯುವಂತಾಗಬಾರದು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರ ವೀರ್ಯ ಪರೀಕ್ಷೆಯ ರಿಪೋರ್ಟೂ ಫೈಲಿನಲ್ಲಿರಲಿ, ಅವರೂ ಪಕ್ಕದ ಕುರ್ಚಿಯಲ್ಲಿ ಕೂತಿರಲಿ.

— ಸಂಪಾದಕಿ